ಗಿಳಿಮರಿಯ ಮೇವಿನ ಚೀಲ: ಅಲಕ್ಷ್ಯಕ್ಕೆ ಸಿಕ್ಕ ಒಂದು ವೈದ್ಯಶಾಖೆ

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ಚಾಮುಂಡಿ ಬೆಟ್ಟದ ತಪ್ಪಲಿನ ಬಡಾವಣೆಗಳಿಂದ ರಟ್ಟಿನ ಡಬ್ಬಿಗಳಲ್ಲಿ ಗಿಳಿಮರಿಗಳು ಬರತೊಡಗುತ್ತವೆ. ಮರ ಕಡಿದಾಗ ಪೊಟರೆಯಿಂದ ಬಿದ್ದವು ಕೆಲವು, ಬೇಸಿಗೆಯ ಗಾಳಿಮಳೆಗೆ ಮುರಿದ ಕೊಂಬೆಯವು ಕೆಲವು, ಕದ್ದು ಮಾರುವವರ ಕೈಯಿಂದ ಬಿಡಿಸಿ ತಂದವು ಇನ್ನು ಕೆಲವು. ತಂದವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಡಾಕ್ಟ್ರೇ, ನಿನ್ನೆ ಕುಡಿಸಿದ್ದು ಇನ್ನೂ ಕತ್ತಲ್ಲೇ ನಿಂತಿದೆ." ಈಚಿನ ವರ್ಷಗಳಲ್ಲಿ ಇದರ ಬಾಲಕ್ಕೆ ಇನ್ನೊಂದು ಮಾತು ಸೇರಿಕೊಂಡಿದೆ: "ಸೋರ್ ಕ್ರಾಪ್ ಅಂತೆ ಸಾರ್, ಆಪಲ್ ಸೈಡರ್ ವಿನೆಗರ್ ಹಾಕಿದೀವಿ." ಕೆಲವರು ಅಡುಗೆ ಸೋಡಾ ಹಾಕಿರುತ್ತಾರೆ, ಕೆಲವರು ಪಪ್ಪಾಯಿ ರಸ, ಮತ್ತೆ ಕೆಲವರು ಮನೆಯಲ್ಲಿ ಉಳಿದಿದ್ದ ಮಕ್ಕಳ ಆ್ಯಂಟಿಬಯೋಟಿಕ್ ಸಿರಪ್ಪು. ಎಲ್ಲರೂ ಮರಿ ಬದುಕಲಿ ಎಂದೇ ಮಾಡಿದವರು. ಚೀಲ ಕೆಟ್ಟಿದೆ, ಚೀಲಕ್ಕೆ ಔಷಧ ಹಾಕಬೇಕು ಎಂಬ ತಿಳಿವಳಿಕೆ ಅವರಿಗೆ ಎಲ್ಲಿಂದಲೋ ಬಂದಿದೆ. ಆ ತಿಳಿವಳಿಕೆ ತಪ್ಪು. ಅದು ಹೇಗೆ ಬೇರು ಬಿಟ್ಟಿತು, ಸರಿಯಾದದ್ದು ಯಾಕೆ ನಮ್ಮವರಿಗೆ ತಲುಪಲಿಲ್ಲ ಎಂಬುದನ್ನು ಹೇಳಬೇಕಾದರೆ ಈ ವೈದ್ಯಶಾಖೆ ನಡೆದುಬಂದ ದಾರಿಯನ್ನೇ ಒಮ್ಮೆ ನೋಡಬೇಕಾಗುತ್ತದೆ.

ಮೇವಿನ ಚೀಲ ಅಂದರೆ ಅನ್ನನಾಳವೇ ಕತ್ತಿನ ಬುಡದಲ್ಲಿ ಹಿಗ್ಗಿ ಆದ ಚೀಲ. ಅಲ್ಲಿ ಆಹಾರ ನೆನೆಯುತ್ತದೆ, ಕಾಯುತ್ತದೆ. ಜೀರ್ಣವಾಗುವ ಕೆಲಸ ಬಹುಪಾಲು ಮುಂದಕ್ಕೆ. ಕೆಳಗೆ ಆಮ್ಲ ಸುರಿಸುವ ಗ್ರಂಥಿ ಜಠರ, ಅದರ ಕೆಳಗೆ ಕಾಳು ಅರೆಯುವ ದಪ್ಪ ಮಾಂಸದ ಗಿಜರ್ಡ್, ಆಮೇಲೆ ಕರುಳು. ಗಿಜರ್ಡ್ ಬರಿದಾಗುತ್ತ ಬಂದಾಗ ಚೀಲ ಒಂದಿಷ್ಟು ಆಹಾರ ಕೆಳಗೆ ಬಿಡುತ್ತದೆ. ಕೆಳಗಿನ ಗೇಟು ಮುಚ್ಚಿದರೆ ನಾಲೆಯ ನೀರು ಮೇಲೆ ನಿಲ್ಲುವ ಹಾಗೆ, ಹೊಟ್ಟೆಯೋ ಕರುಳೋ ನಿಂತರೆ ಚೀಲವೂ ನಿಲ್ಲುತ್ತದೆ. ಮರಿಗೆ ಚಳಿಯಾದರೆ ನಿಲ್ಲುತ್ತದೆ, ಮೈಯಲ್ಲಿ ನೀರು ಬತ್ತಿದರೆ ನಿಲ್ಲುತ್ತದೆ, ರಕ್ತಕ್ಕೆ ಸೋಂಕು ಇಳಿದರೆ ನಿಲ್ಲುತ್ತದೆ. ನಿಂತ ಆಹಾರ ಮರಿಯ ಮೈಶಾಖಕ್ಕೆ ಹುಳಿಯುತ್ತದೆ. ಹುಳಿ ವಾಸನೆ ಬರುವುದು ಆಮೇಲೆ. ಜನ ಮೊದಲು ಗಮನಿಸುವುದು ಅದನ್ನೇ, 'ಸೋರ್ ಕ್ರಾಪ್', ಅಂದರೆ ಹುಳಿ ಚೀಲ, ಎಂದು ಹೆಸರಿಟ್ಟಿರುವುದೂ ಅದಕ್ಕೇ.

ಹಳೆಯ ಕಾಲದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 12ನೇ ಶತಮಾನದ ಚಾಲುಕ್ಯ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಬರೆದ. ಅದೇ ವಂಶದ ಮೂರನೆಯ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ'ದಲ್ಲಿ ಡೇಗೆಯ ಬೇಟೆ, ಕೋಳಿ ಕಾಳಗ, ಪಾರಿವಾಳದ ವಿನೋದಗಳಿವೆ. ಅಭಿನವಚಂದ್ರನ 'ಅಶ್ವವೈದ್ಯ' ಬಂದದ್ದು ಅದಕ್ಕೂ ಬಹಳ ಈಚೆಗೆ. ದನಕ್ಕೆ, ಕುದುರೆಗೆ ಕನ್ನಡದಲ್ಲಿ ವೈದ್ಯಗ್ರಂಥ ಹುಟ್ಟಿದ ನಾಡಿನಲ್ಲಿ ಹಕ್ಕಿ ಅರಸರ ವಿನೋದವಾಗಿಯೇ ಉಳಿಯಿತು. ಹಳ್ಳಿಗಳಲ್ಲಿ ಮಾತ್ರ ಕೈಕೆಲಸವೊಂದು ಬದುಕಿತ್ತು. ಕೋಳಿಯ ಚೀಲದಲ್ಲಿ ದಾರವೋ ನಾರೋ ಸುತ್ತಿಕೊಂಡು ಗಂಟಾದರೆ, ಬ್ಲೇಡಿನಿಂದ ಸೀಳಿ, ಗಂಟು ತೆಗೆದು, ಸೂಜಿದಾರದಲ್ಲಿ ಹೊಲಿದು, ಅರಿಸಿನ ಮೆತ್ತಿ ಬಿಡುವ ಹೆಂಗಸರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಎಷ್ಟೋ ಕೋಳಿಗಳು ಬದುಕುತ್ತಿದ್ದವು.

ಯುರೋಪಿನಲ್ಲಿ ಜಾನ್ ಹಂಟರ್ 1786ರಲ್ಲಿ ಪಾರಿವಾಳಗಳ ಚೀಲದಲ್ಲಿ ಮರಿಗಾಗಿ ಊರುವ 'ಹಾಲ'ನ್ನು ವರ್ಣಿಸಿದ. 1878ರಲ್ಲಿ ಇಟಲಿಯ ರಿವೋಲ್ಟ ಪಾರಿವಾಳದಲ್ಲಿ ಟ್ರೈಕೊಮೊನಾಸ್ ಎಂಬ ಏಕಾಣುಜೀವಿಯನ್ನು ಕಂಡ. ಭಾರತದಲ್ಲಿ ಹಕ್ಕಿಯ ಹೊಟ್ಟೆಯನ್ನು ವಿಜ್ಞಾನಕ್ಕಾಗಿ ದೊಡ್ಡ ಪ್ರಮಾಣದಲ್ಲಿ ತೆರೆದದ್ದು ಮೇಸನ್ ಮತ್ತು ಮ್ಯಾಕ್ಸ್‌ವೆಲ್-ಲೆಫ್ರಾಯ್. ಅವರ ವರದಿ 1912ರದು. ಹಕ್ಕಿ ತಿಂದದ್ದು ಬೆಳೆಯೋ ಹುಳುವೋ, ರೈತನಿಗೆ ಅದು ಮಿತ್ರನೋ ಶತ್ರುವೋ ಎಂಬುದೇ ಅವರ ಪ್ರಶ್ನೆ. 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ ಸಲೀಂ ಅಲಿಯವರೂ ಹೊಟ್ಟೆಯೊಳಗೆ ಸಿಕ್ಕಿದ್ದನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಹೊಟ್ಟೆಯೊಳಗೆ ಏನಿದೆ ಎಂದು ನಮ್ಮವರು ನೋಡಿದರು. ಹೊಟ್ಟೆ ಹೇಗಿದೆ ಎಂದು ಕೇಳಲಿಲ್ಲ.

ಕೇಳಿದವರು ಒಬ್ಬರಿದ್ದರು, ಅದೂ ಮೈಸೂರಿಗೆ ಬಹಳ ದೂರವಲ್ಲದ ಜಾಗದಲ್ಲಿ. ಊಟಿ ರಸ್ತೆ ಹಿಡಿದು ಗುಡಲೂರಿನ ಮೇಲೆ ಘಟ್ಟ ಹತ್ತಿ ಇಳಿದರೆ ಸಿಗುವ ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನಲ್ಲಿ ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಬೆರಿಬೆರಿ ವಿಚಾರಣಾ ಘಟಕ ಶುರುಮಾಡಿದರು. ಪಾಲಿಶ್ ಮಾಡಿದ ಅಕ್ಕಿಯನ್ನಷ್ಟೇ ತಿಂದ ಕೋಳಿಗಳಿಗೆ ನರ ಸೋಲುವ ರೋಗ ಬರುವುದನ್ನು ಜಾವಾದಲ್ಲಿ ಐಕ್‌ಮನ್ ಆಗಲೇ ತೋರಿಸಿದ್ದ. ಮೆಕ್ಯಾರಿಸನ್ ಒಂದು ಹೆಜ್ಜೆ ಮುಂದೆ ಹೋಗಿ, ಕೊರತೆಯ ಆಹಾರ ತಿಂದ ಪಾರಿವಾಳಗಳ ಅನ್ನಮಾರ್ಗವನ್ನು ಪರೀಕ್ಷಿಸಿದರು. ಗೋಡೆ ತೆಳುವಾಗಿತ್ತು, ರಕ್ತ ಕಟ್ಟಿತ್ತು, ಸ್ನಾಯು ಸೊರಗಿತ್ತು. ನರ ಸೋಲುವುದಕ್ಕೂ ಮೊದಲೇ ಹೊಟ್ಟೆ ಸೋಲುತ್ತದೆ, ಸೋತ ಹೊಟ್ಟೆಯಲ್ಲಿ ಸೋಂಕು ಮನೆ ಮಾಡುತ್ತದೆ ಎಂಬುದು 1921ರ ಅವರ ಪುಸ್ತಕದ ತಿರುಳು. ಮನುಷ್ಯರ ಪೋಷಣೆಯ ಚರಿತ್ರೆಯಲ್ಲಿ ಮೆಕ್ಯಾರಿಸನ್ ಹೆಸರು ದೊಡ್ಡದು. ಆ ಘಟಕವೇ ಬೆಳೆದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಆದರೆ ಅವರ ಪಾರಿವಾಳಗಳಿಂದ ಪಾರಿವಾಳಗಳ ವೈದ್ಯರೇ ಕಲಿಯಲಿಲ್ಲ. ಇವತ್ತಿಗೂ ನನ್ನ ಮುಂದೆ ಬರುವ ಸಾಕುಗಿಳಿಗಳಲ್ಲಿ ಬಹಳಷ್ಟು ಬಿಳಿ ಅನ್ನ, ಬಿಸ್ಕತ್ತು, ಹಾಲು ತಿಂದು ಬೆಳೆದವು.

ಮುಂದಿನ ಅರ್ಧ ಶತಮಾನ ಕೋಳಿಯದು. 1920ರ ದಶಕದ ಕೊನೆಯಲ್ಲಿ ರಾಣಿಖೇತಿನಲ್ಲಿ ಗುರುತಾಗಿ ಅದೇ ಹೆಸರು ಪಡೆದ ರೋಗವನ್ನು ನಮ್ಮ ರೈತರು ಕೊಕ್ಕರೆ ರೋಗ ಎನ್ನುತ್ತಾರೆ. ಅದು ಬಂದರೆ ಹಸಿರು-ಬಿಳಿ ಭೇದಿಯಾಗಿ ಊರಿನ ಕೋಳಿಯೆಲ್ಲ ಒಂದೇ ವಾರದಲ್ಲಿ ಹೋಗುತ್ತಿತ್ತು. ಅದಕ್ಕೆ ಮುಕ್ತೇಶ್ವರದಲ್ಲಿ ಲಸಿಕೆ ತಯಾರಾಯಿತು; ಹೆಬ್ಬಾಳದ ಲಸಿಕಾ ಸಂಸ್ಥೆ ನಮ್ಮ ಹಳ್ಳಿಗಳಿಗೆ ಲಸಿಕೆ ಕಳಿಸಿತು. 1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಶುರುವಾಯಿತು. ಮರಿಗಳ ಬಿಳಿ ಭೇದಿ, ಕಾಕ್ಸಿಡಿಯಾದ ರಕ್ತಭೇದಿ, ಇವುಗಳ ವಿಷಯದಲ್ಲಿ ಆ ಕಾಲದ ಗುರುಗಳು ಮಾಡಿದ ಕೆಲಸ ಅಪಾರ. ಆದರೆ ಕೋಳಿ ವೈದ್ಯ ಹಿಂಡಿನ ವೈದ್ಯ. ಒಂದು ಕೋಳಿ ಸತ್ತರೆ ಕೊಯ್ದು ನೋಡಿ ಉಳಿದವುಗಳಿಗೆ ನೀರಿನಲ್ಲಿ ಔಷಧ ಹಾಕು ಎಂಬುದು ಅದರ ನ್ಯಾಯ. ಮೊಟ್ಟೆಯೊಡೆದು ಬಂದ ದಿನವೇ ಓಡಾಡಿ ಹೆಕ್ಕಿ ತಿನ್ನುವ ಕೋಳಿಮರಿಯನ್ನು ನೋಡಿ ಕಲಿತದ್ದನ್ನು, ಕಣ್ಣು ಬಿಡದೆ, ಪುಕ್ಕವಿಲ್ಲದೆ, ಆರೇಳು ವಾರ ತಾಯಿತಂದೆ ಕಕ್ಕಿ ಕೊಟ್ಟದ್ದನ್ನೇ ತಿಂದು ಬದುಕುವ ಗಿಳಿಮರಿಗೆ ಅನ್ವಯಿಸಲು ಹೋದದ್ದೇ ನಮ್ಮ ಶಾಖೆಗೆ ಬಿದ್ದ ಮೊದಲ ಪೆಟ್ಟು.

ನಮ್ಮ ತಲೆಮಾರಿನವರ ಕಣ್ಣು ತೆರೆಸಿದ್ದು 1980ರ ದಶಕ. ಅಮೆರಿಕದಲ್ಲಿ ಪಕ್ಷಿವೈದ್ಯರ ಸಂಘ ಹುಟ್ಟಿದ್ದು 1980ರಲ್ಲಿ. ಅದಕ್ಕಿಂತ ಒಂದು ವರ್ಷ ಮುಂಚೆ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಗಿಳಿವರ್ಗದ ಹಕ್ಕಿಗಳ ಸಂಶೋಧನಾ ಯೋಜನೆ ಶುರುವಾಗಿತ್ತು. ಗ್ರಾ ಮತ್ತು ರೌಡಿಬುಷ್ ಅಲ್ಲಿ ಕಾಕಟೀಲ್ ಮರಿಗಳನ್ನು ಮೊಟ್ಟೆಯಿಂದಲೇ ಕೈಯಲ್ಲಿ ಸಾಕಿ, ಒಂದೊಂದು ಅಂಶವನ್ನೂ ಬದಲಿಸಿ ತೂಗಿ ನೋಡಿದರು. ಅಲ್ಲಿಯವರೆಗೆ ಸಾಕುವವರು ಕೋತಿಗಳ ಬಿಸ್ಕತ್ತು, ಕಡಲೆಕಾಯಿ ಬೆಣ್ಣೆ, ಕೂಸುಗಳ ಆಹಾರ ಎಂದು ಕೈಗೆ ಸಿಕ್ಕಿದ್ದನ್ನು ಕಲೆಸಿ ಕೊಡುತ್ತಿದ್ದರು. ಮೊದಲ ಕೆಲವು ದಿನ ಗಂಜಿ ಬಹಳ ತೆಳುವಾಗಿರಬೇಕು, ಗಟ್ಟಿ ಪದಾರ್ಥ ನೂರಕ್ಕೆ ಹತ್ತನ್ನು ದಾಟಬಾರದು. ಆಮೇಲೆ ನೂರಕ್ಕೆ 25–30ರವರೆಗೆ ಏರಿಸಬೇಕು. ಪ್ರೋಟೀನು ನೂರಕ್ಕೆ 20ರ ಆಸುಪಾಸು ಇರಬೇಕು ಎಂದು ಡೇವಿಸ್‌ನವರು ಅಂಕಿಯಲ್ಲಿ ಹೇಳಿದರು. ಮೊದಲ ದಿನವೇ ಗಟ್ಟಿ ಗಂಜಿ ಕೊಟ್ಟರೆ ಮರಿ ತನ್ನ ಮೈನೀರನ್ನೇ ಚೀಲಕ್ಕೆ ಸುರಿದು ಒಣಗಿಹೋಗುತ್ತದೆ. ಆಗ ಚೀಲ ನಿಲ್ಲುತ್ತದೆ. ಔಷಧಿಯ ಬಾಟಲಿ ಹಿಡಿಯುವ ಮೊದಲು ತಕ್ಕಡಿ ಮತ್ತು ಥರ್ಮಾಮೀಟರ್ ಹಿಡಿಯಬೇಕು ಎಂಬ ಪಂಥ ಅಲ್ಲಿಂದ ಬೆಳೆಯಿತು. ನಾನು ಆ ಪಂಥದವನು. ಈ ಶಾಖೆಯಲ್ಲಿ ಅದಕ್ಕಿಂತ ಹೆಚ್ಚು ಮರಿಗಳನ್ನು ಉಳಿಸಿದ ವಿಚಾರ ಬೇರೆ ಬಂದಿಲ್ಲ.

ಥರ್ಮಾಮೀಟರಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೈಯಲ್ಲಿ ಉಣಿಸುವ ಗಂಜಿ 39ರಿಂದ 41 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣಗಿದ್ದರೆ ಚೀಲ ನಿಲ್ಲುತ್ತದೆ. 45ಕ್ಕೆ ಹೋದರೆ ಚೀಲ ಸುಡುತ್ತದೆ. ಮೈಕ್ರೋವೇವಿನಲ್ಲಿ ಬಿಸಿ ಮಾಡಿದ ಗಂಜಿ ಬೆರಳಿಗೆ ಬೆಚ್ಚಗೆ ತಾಗಿದರೂ ನಡುವೆ ಕುದಿಯುವಷ್ಟು ಬಿಸಿ ಇರುತ್ತದೆ. ಸುಟ್ಟ ದಿನ ಏನೂ ಕಾಣುವುದಿಲ್ಲ. ಮರಿ ಮಂಕಾಗುತ್ತದೆ, ಅಷ್ಟೇ. ನಾಲ್ಕೈದು ದಿನಕ್ಕೆ ಎದೆಯ ಮೇಲಿನ ಚರ್ಮ ಕೆಂಪಾಗಿ, ಆಮೇಲೆ ಕಪ್ಪು ಹೊಪ್ಪಳೆ ಕಟ್ಟಿ, ಒಂದು ಬೆಳಿಗ್ಗೆ ಆ ಹೊಪ್ಪಳೆಯ ಅಂಚಿನಿಂದ ಗಂಜಿ ಸೋರುತ್ತದೆ. ಮನೆಯವರು ಗಾಬರಿಯಿಂದ ಓಡಿ ಬರುವುದು ಆಗ. ಕೂಡಲೇ ಹೊಲಿಯಲು ಹೋಗಬಾರದು. ಸತ್ತ ಮಾಂಸ ಯಾವುದು, ಬದುಕಿದ್ದು ಯಾವುದು ಎಂಬ ಗೆರೆ ಸ್ಪಷ್ಟವಾಗುವವರೆಗೆ ಕಾಯಬೇಕು. ಅಲ್ಲಿಯವರೆಗೆ ಸ್ವಲ್ಪಸ್ವಲ್ಪವಾಗಿ ಮತ್ತೆಮತ್ತೆ ಉಣಿಸುತ್ತಿರಬೇಕು. ಆಮೇಲೆ ಅರಿವಳಿಕೆ ಕೊಟ್ಟು, ಸುಟ್ಟ ಅಂಚನ್ನು ಕತ್ತರಿಸಿ, ಒಂದಕ್ಕೊಂದು ಅಂಟಿಕೊಂಡ ಚರ್ಮವನ್ನೂ ಚೀಲದ ಗೋಡೆಯನ್ನೂ ಬಿಡಿಸಬೇಕು. ಚೀಲವನ್ನು ಒಳಮಡಿಸಿ ಬೇರೆ ಹೊಲಿಗೆ, ಅದರ ಮೇಲೆ ಚರ್ಮಕ್ಕೆ ಬೇರೆ ಹೊಲಿಗೆ. ಎರಡನ್ನೂ ಸೇರಿಸಿ ಒಂದೇ ಹೊಲಿಗೆ ಹಾಕಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಹಳ್ಳಿಯ ಹೆಂಗಸರು ಹೊಲಿದ ಕೋಳಿಗಳಲ್ಲಿ ಕೆಲವು ಸೋರುತ್ತಿದ್ದುದಕ್ಕೂ ಇದೇ ಕಾರಣ.

ಸೋಂಕಿನ ಕಡೆ ಬಂದರೆ, ಚೀಲದ ಬಿಳಿ ಪೊರೆಯ ರೋಗಗಳಲ್ಲಿ ಎರಡನ್ನು ಬೇರೆಬೇರೆಯಾಗಿ ಗುರುತಿಸಲು ಕಲಿತದ್ದು ದೊಡ್ಡ ಗಳಿಕೆ. ಒಂದು ಕ್ಯಾಂಡಿಡಾ ಎಂಬ ಯೀಸ್ಟು. ಆ್ಯಂಟಿಬಯೋಟಿಕ್ ಹೆಚ್ಚಾಗಿ ಕೊಟ್ಟ ಮರಿಗಳಲ್ಲಿ ಅದು ಬೆಳೆಯುತ್ತದೆ, ನಿಸ್ಟಾಟಿನ್ನಿಗೆ ಬಗ್ಗುತ್ತದೆ. ಇನ್ನೊಂದು ರಿವೋಲ್ಟ ಕಂಡ ಟ್ರೈಕೊಮೊನಾಸ್. ಪಾರಿವಾಳಗಳಿಗೆ ಮಾಮೂಲಿ, ಪಾರಿವಾಳ ತಿಂದ ಡೇಗೆ-ಗಿಡುಗಗಳಿಗೆ ಮಾರಿ, ಬಜ್ರಿಗರುಗಳಿಗೂ ಬರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹದ ಹಳದಿ-ಬಿಳಿ ಗಂಟು. ಬೆಚ್ಚಗಿನ ಸಲೈನಿನಲ್ಲಿ ಚೀಲವನ್ನು ತೊಳೆದು, ಆ ಹನಿ ತಣ್ಣಗಾಗುವ ಮೊದಲೇ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಟ್ರೈಕೊಮೊನಾಸ್ ಎಗರಾಡುವುದು ಕಾಣುತ್ತದೆ. ಲ್ಯಾಬಿಗೆ ಕಳಿಸಿ ಸಂಜೆ ನೋಡಿದರೆ ಏನೂ ಕಾಣದು. ಹನಿ ನೋಡುವ ಈ ಐದು ನಿಮಿಷದ ಕೆಲಸವನ್ನು ಮಾಡದೆ ಎರಡಕ್ಕೂ ಔಷಧಿ ಬರೆದುಕೊಡುವುದು ಈಗ ರೂಢಿಯಾಗಿದೆ. ಅದು ಸೋಮಾರಿತನ. ಅರಮನೆಯ ಎದುರಿಗೂ ಗುಡಿಗಳ ಮುಂದೆಯೂ ಪಾರಿವಾಳಗಳಿಗೆ ಚೀಲಗಟ್ಟಲೆ ಕಾಳು ಸುರಿದು, ಒಂದೇ ತೊಟ್ಟಿಯಲ್ಲಿ ನೀರಿಡುವವರೂ ಈ ಜೀವಿಯ ಬಗ್ಗೆ ತಿಳಿಯಬೇಕು. ಅದು ಒಂದರ ಬಾಯಿಂದ ಇನ್ನೊಂದರ ಬಾಯಿಗೆ ಹೋಗುವುದು ಆ ನೀರಿನಲ್ಲೇ.

ವೈರಸ್ಸುಗಳ ಅಧ್ಯಾಯ ಪಶ್ಚಿಮದ್ದು, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. 1981ರಲ್ಲಿ ಬಜ್ರಿಗರ್ ಮರಿಗಳಲ್ಲಿ ಪಾಲಿಯೋಮಾ ವೈರಸ್ ಗುರುತಾಯಿತು. ಚೀಲ ನಿಂತ ಮರಿ ಒಂದೆರಡು ದಿನದಲ್ಲೇ ಸಾಯುವುದಕ್ಕೆ ಒಂದು ಕಾರಣ ಸಿಕ್ಕಿತು. 1970ರ ದಶಕದಿಂದ ಮಕಾವ್‌ಗಳನ್ನು ಸೊರಗಿಸುತ್ತಿದ್ದ, ಜಠರ ಹಿಗ್ಗಿ ಕಾಳು ಹಾಗೆಯೇ ಹಿಕ್ಕೆಯಲ್ಲಿ ಹೊರಬರುವ ರೋಗಕ್ಕೆ ಬೋರ್ನಾ ವೈರಸ್ ಕಾರಣವೆಂದು 2008ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ದೊಡ್ಡ ಬ್ಯಾಕ್ಟೀರಿಯಾ ಎಂದೇ ಬಹುಕಾಲ ಕರೆಯುತ್ತಿದ್ದ, ಬಜ್ರಿಗರುಗಳ ಜಠರದ ಜೀವಿಯೊಂದು 2003ರಲ್ಲಿ ಯೀಸ್ಟು ಎಂದು ತಿಳಿಯಿತು. ಇವೆಲ್ಲ ಒಳ್ಳೆಯ ವಿಜ್ಞಾನ. ಆದರೆ ಇವುಗಳ ಬೆಳಕಿಗೆ ಕಣ್ಣು ಕುಕ್ಕಿ, ಪಿಸಿಆರ್ ಪರೀಕ್ಷೆಗೆ ಸಾವಿರಾರು ರೂಪಾಯಿ ಕೊಡುವ ಮಾಲೀಕರು ಮರಿಯನ್ನು ಇಟ್ಟ ಡಬ್ಬಿಯ ಶಾಖವನ್ನು ಒಮ್ಮೆಯೂ ಅಳೆದಿರುವುದಿಲ್ಲ. ಸತುವಿನ ಲೇಪವಿರುವ ಪಂಜರದ ತಂತಿ ಕಚ್ಚಿ ವಿಷವೇರಿ ಚೀಲ ನಿಂತ ಗಿಳಿಗಳನ್ನು ಬೋರ್ನಾ ಎಂದು ಕೈಬಿಟ್ಟದ್ದನ್ನೂ ಕಂಡಿದ್ದೇನೆ. ಒಂದು ಎಕ್ಸ್‌ರೇ ತೆಗೆದು ರಕ್ತದಲ್ಲಿ ಸತು ನೋಡಿದ್ದರೆ ಅವು ಉಳಿಯುತ್ತಿದ್ದವು.

ಇನ್ನು ಮೈಸೂರಿಗೆ ಬರೋಣ. ಹಕ್ಕಿಗಳ ಮಟ್ಟಿಗೆ ಈ ಊರಿಗೆ ಇರುವ ಭಾಗ್ಯ ಕರ್ನಾಟಕದ ಬೇರೆ ಯಾವ ಊರಿಗೂ ಇಲ್ಲ. 1892ರಲ್ಲಿ ಶುರುವಾದ ಚಾಮರಾಜೇಂದ್ರ ಮೃಗಾಲಯ, ಅದರ ಆಡಳಿತದಲ್ಲೇ ಇರುವ ಕಾರಂಜಿ ಕೆರೆ ಮತ್ತು ಅಲ್ಲಿ ಒಳಗೇ ನಡೆದಾಡಬಹುದಾದ ದೊಡ್ಡ ಪಕ್ಷಿಧಾಮ, ಕೂರ್ಗಳ್ಳಿಯ ಚಾಮುಂಡಿ ಪುನರ್ವಸತಿ ಕೇಂದ್ರ, ಬೆಟ್ಟದ ತಪ್ಪಲಿನ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನ. ಶುಕವನಕ್ಕೆ ಒಂದೇ ಪಕ್ಷಿಶಾಲೆಯಲ್ಲಿ 468 ಜಾತಿಯ ಹಕ್ಕಿಗಳಿರುವುದಕ್ಕೆ 2017ರಲ್ಲಿ ಗಿನ್ನೆಸ್ ದಾಖಲೆ ಸಿಕ್ಕಿತು. ಗಾಯಗೊಂಡ, ಕೈಬಿಟ್ಟ ಗಿಳಿಗಳಿಗೆ ಅಲ್ಲೇ ಆಸ್ಪತ್ರೆಯಿದೆ. ಈ ಎಲ್ಲ ಕಡೆ ಮರಿಗಳನ್ನು ಎತ್ತಿ ಸಾಕುವ ಸಿಬ್ಬಂದಿಯ ಕೈಯಲ್ಲಿರುವ ಅನುಭವ ಬಹಳ ದೊಡ್ಡದು. ಸಿರಿಂಜನ್ನು ಕೊಕ್ಕಿನ ಎಡ ಮೂಲೆಯಿಂದ ಇಟ್ಟು ಬಲಕ್ಕೆ ಓರೆ ಮಾಡಬೇಕು, ಮರಿ ತಾನೇ ತಲೆ ಆಡಿಸಿ ನುಂಗುವಾಗ ಮಾತ್ರ ಒತ್ತಬೇಕು, ಚೀಲ ಬಿಗಿಯಾಗುವ ಮೊದಲೇ ನಿಲ್ಲಿಸಬೇಕು ಎಂಬುದನ್ನು ನಮ್ಮ ಎಷ್ಟೋ ಪದವೀಧರರು ಕಲಿತದ್ದು ಅಂಥ ಪಾಲಕರಿಂದಲೇ. ಅವರ ಹೆಸರು ಯಾವ ಪ್ರಬಂಧದಲ್ಲೂ ಬರುವುದಿಲ್ಲ.

2016ರ ಡಿಸೆಂಬರಿನ ಕೊನೆಯಲ್ಲಿ ಮೃಗಾಲಯದಲ್ಲಿ ಹೆಜ್ಜಾರ್ಲೆ ಮೊದಲಾದ ನೀರುಹಕ್ಕಿಗಳು ಸತ್ತವು. ಎಚ್5ಎನ್8 ಹಕ್ಕಿಜ್ವರ ಖಚಿತವಾಗಿ, ಜನವರಿ ತಿಂಗಳೆಲ್ಲ ಮೃಗಾಲಯ ಮುಚ್ಚಿತ್ತು. ಆ ಹೊತ್ತಿನ ಕಟ್ಟೆಚ್ಚರ ಸರಿಯಾದದ್ದೇ. ಆದರೆ ಅಂದಿನಿಂದ ಹಕ್ಕಿಯ ಆರೋಗ್ಯವೆಂದರೆ ಹಕ್ಕಿಜ್ವರ, ಹಕ್ಕಿಜ್ವರವೆಂದರೆ ಮನುಷ್ಯರಿಗೆ ಬರಬಹುದಾದ ಅಪಾಯ ಎಂಬಲ್ಲಿಗೆ ಮಾತು ನಿಂತುಬಿಟ್ಟಿದೆ. ಹಣ, ತರಬೇತಿ, ಪತ್ರಿಕೆಯ ಜಾಗ ಎಲ್ಲವೂ ಅಲ್ಲಿಗೇ.

ಇಷ್ಟೆಲ್ಲ ಇದ್ದೂ ಕೈಯಲ್ಲಿಲ್ಲದ್ದು ಏನು ಎಂದರೆ ನಮ್ಮ ಸ್ವಂತ ಗಿಳಿಯ ಅಂಕಿ. ಕಾಕಟೀಲ್ ಆಸ್ಟ್ರೇಲಿಯಾದ ಹಕ್ಕಿ; ಅದರ ಮರಿಯ ದಿನದಿನದ ತೂಕ ನನಗೆ ಬಾಯಿಪಾಠ. ಬೆಟ್ಟದ ಮರಗಳಲ್ಲಿ, ಊರೊಳಗಿನ ರೈನ್‌ಟ್ರೀಗಳಲ್ಲಿ ಗೂಡು ಮಾಡುವ ನಮ್ಮ ಗುಲಾಬಿ ಕೊರಳಿನ ಗಿಳಿಯ ಮರಿ ಹತ್ತನೆಯ ದಿನ ಎಷ್ಟು ತೂಗಬೇಕು ಎಂದು ಯುವ ವೈದ್ಯರು ಕೇಳಿದರೆ ತೋರಿಸಲು ಕನ್ನಡನಾಡಿನ ಪಟ್ಟಿಯೊಂದಿಲ್ಲ. ಅತ್ತಿಯ ಹಣ್ಣು, ಬೇವಿನ ಹಣ್ಣು, ಜೋಳ, ಸೂರ್ಯಕಾಂತಿ ತಿಂದು ಬರುವ ತಾಯಿತಂದೆ ಮರಿಯ ಚೀಲಕ್ಕೆ ಕಕ್ಕುವ ಮೇವಿನಲ್ಲಿ ನೀರೆಷ್ಟು, ಪ್ರೋಟೀನೆಷ್ಟು, ಯಾವ ಒಳ್ಳೆಯ ಜೀವಾಣುಗಳಿವೆ ಎಂಬುದಕ್ಕೂ ಹಾಗೆಯೇ. ಪಶ್ಚಿಮ ಘಟ್ಟದ್ದೇ ಆದ ನೀಲಿ ರೆಕ್ಕೆಯ ಮಲೆಗಿಳಿಯ ವಿಷಯವಂತೂ ಕೇಳುವುದೇ ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ಈ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಅಪರಾಧವಾದ್ದರಿಂದ ಅವುಗಳನ್ನು ಸಾಕಿದವರು ಬಾಯಿ ಬಿಡುವುದಿಲ್ಲ. ವಿದೇಶಿ ಹಕ್ಕಿ ಸಾಕಿದವರು ಧಾರಾಳವಾಗಿ ದುಡ್ಡು ಕೊಡುತ್ತಾರೆ. ಆದ್ದರಿಂದ ಖಾಸಗಿ ವೈದ್ಯವೂ ಅಭ್ಯಾಸವೂ ಮಕಾವ್, ಆಫ್ರಿಕನ್ ಗ್ರೇ, ಕಾಕಟೀಲ್‌ಗಳ ಕಡೆಗೇ ವಾಲಿವೆ. ವಶಪಡಿಸಿಕೊಂಡ ನಾಡಗಿಳಿಯ ಮರಿಗಳನ್ನು ಸಾಕುವ ಹೊಣೆ ಸರ್ಕಾರದ್ದೇ ಆಗಿರುವಾಗ, ಅವುಗಳ ಅಂಕಿಅಂಶ ಕೂಡಿಸುವ ಹೊಣೆಯೂ ಸರ್ಕಾರದ್ದೇ.

ಇನ್ನೊಂದು ಮಾತು. ಚೀಲ ನಿಂತ ಮರಿಗಳಲ್ಲಿ ಬಹಳಷ್ಟು ಹಾಲು-ಬಿಸ್ಕತ್ತು ಅಥವಾ ಕೂಸುಗಳ ಹಾಲಿನ ಪುಡಿ ತಿಂದವು. ಹಾಲಿನ ಸಕ್ಕರೆಯನ್ನು ಒಡೆಯುವ ಶಕ್ತಿ ಹಕ್ಕಿಯ ಕರುಳಿಗೆ ಇಲ್ಲ, ಭೇದಿಯಾಗಿ ಒಣಗುತ್ತವೆ. ಸರಿಯಾದ ಪುಡಿ ಹೊರದೇಶದಿಂದ ಬರಬೇಕು, ಅದರ ಬೆಲೆ ರಟ್ಟಿನ ಡಬ್ಬಿಯಲ್ಲಿ ಮರಿ ತಂದವರಿಗೆ ಎಟಕುವುದಿಲ್ಲ. ಇದೇ ಊರಿನ ಚೆಲುವಾಂಬ ಅರಮನೆಯಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ. ಎಮ್ಮೆ ಹಾಲಿನಿಂದ ಕೂಸುಗಳ ಆಹಾರ ಮಾಡಲಾಗದು ಎಂದು ಹೊರಗಿನವರು ಹೇಳುತ್ತಿದ್ದ ಕಾಲದಲ್ಲಿ ಮಾಡಿ ತೋರಿಸಿದ ಸಂಸ್ಥೆ ಅದು. ರಾಗಿ, ಹೆಸರು, ಕಡಲೆಗಳ ಹಿಟ್ಟನ್ನು ಹದವಾಗಿ ಬೇಯಿಸಿ ಒಣಗಿಸಿ, ಬೇಕಾದ ಸುಣ್ಣದಂಶ, ಎ ಜೀವಸತ್ವ ಸೇರಿಸಿ ಒಂದು ಗಿಳಿಮರಿ ಗಂಜಿಪುಡಿ ತಯಾರಿಸುವುದು ಅವರಿಗೆ ಕಷ್ಟದ ಕೆಲಸವಲ್ಲ. ಯಾರೂ ಅವರನ್ನು ಕೇಳಿಲ್ಲ ಎನ್ನುವುದಷ್ಟೇ ತೊಡಕು. 2004ರ ಕಾಯ್ದೆಯಿಂದ ಹುಟ್ಟಿದ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಹಕ್ಕಿ ಎಂದರೆ ಇಂದಿಗೂ ಬಹುಪಾಲು ಕೋಳಿ. ಮರಿಗಳ ಋತುವಿನಲ್ಲಿ ವಿದ್ಯಾರ್ಥಿಗಳನ್ನು ಒಂದೆರಡು ತಿಂಗಳು ಕೂರ್ಗಳ್ಳಿಯಂಥ ಕಡೆಗೆ ಕಳಿಸಿ, ದಿನಾ ಬೆಳಿಗ್ಗೆ ಉಣಿಸುವ ಮೊದಲು ಪ್ರತಿ ಮರಿಯನ್ನೂ ತೂಗಿ ಬರೆಸಿದರೆ ನಾಲ್ಕೈದು ವರ್ಷದಲ್ಲಿ ನಮ್ಮದೇ ಪಟ್ಟಿ ಸಿದ್ಧವಾಗುತ್ತದೆ. ಅದಕ್ಕೆ ಬೇಕಾದ ಯಂತ್ರ ಒಂದು ಗ್ರಾಮಿನವರೆಗೆ ತೂಗುವ ಅಡುಗೆಮನೆಯ ತಕ್ಕಡಿ.

ಮೃಗಾಲಯ, ವಿಶ್ವವಿದ್ಯಾಲಯ, ಸಿಎಫ್‌ಟಿಆರ್‌ಐ ಮೂವರೂ ಒಟ್ಟಿಗೆ ಕೂತು ಈ ಕೆಲಸ ಎತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಮರಿ ಸಿಕ್ಕ ಓದುಗರಲ್ಲಿ ಕೇಳುವುದು ಇಷ್ಟು. ಪುಕ್ಕವಿಲ್ಲದ ಮರಿಯನ್ನು ಮೊದಲು 33–35 ಡಿಗ್ರಿ ಶಾಖದಲ್ಲಿ ಇಡಿ. ಮೈ ಬೆಚ್ಚಗಾಗುವವರೆಗೆ, ಚೀಲ ಪೂರ್ತಿ ಇಳಿಯುವವರೆಗೆ ಬಾಯಿಗೆ ಏನನ್ನೂ ಹಾಕಬೇಡಿ. ಹಾಲು, ವಿನೆಗರ್, ಸೋಡಾ ಎಂದಿಗೂ ಬೇಡ. ಅರಣ್ಯ ಇಲಾಖೆಗೆ ತಿಳಿಸಿ, ಅದೇ ದಿನ ಪಕ್ಷಿವೈದ್ಯರ ಹತ್ತಿರ ಕರೆತನ್ನಿ. ಮೂರನೆಯ ದಿನ ತಂದ ಮರಿಗಳಲ್ಲಿ ಉಳಿಯುವವು ಬಹಳ ಕಡಿಮೆ.